ವಿಭೂತಿ ಹಚ್ಚಿದ ಕಂಪ್ಯೂಟರ್

ನಮ್ಮ ಮನೆತನಕ್ಕೆ ಮೊದಲ ಕಂಪ್ಯೂಟರ್ ಬಂದದ್ದು ದೊಡ್ಡಪ್ಪನ ಅಂಗಡಿಗೆ. ಅವರು ನಮ್ಮ ಅಪ್ಪನ ಅಣ್ಣ. ಹುಬ್ಬಳ್ಳಿಯ ಮಾರುಕಟ್ಟೆಯಲ್ಲಿ ಹತ್ತಿ ಮತ್ತು ಕಾಳಿನ ದಲಾಲಿ ಅಂಗಡಿ ಇಟ್ಟವರು. ಅಲ್ಲಿ ಕಂಪ್ಯೂಟರಿಗೆ ಸಿಕ್ಕ ಮರ್ಯಾದೆ ಬೀಗರಿಗೂ ಸಿಕ್ಕಿರಲಿಲ್ಲ. ದೊಡ್ಡವ್ವ ಅದಕ್ಕೆ ಕಸೂತಿ ಹಾಕಿದ ಮುಸುಕು ಹೊಲಿದು ಕೊಟ್ಟಿದ್ದರು. ಹತ್ತಿರ ಹೋಗುವವರು ಚಪ್ಪಲಿ ಬಿಡಬೇಕಾಗಿತ್ತು. ಮುಸುಕು ತೆಗೆಯುವ ಅಧಿಕಾರ ಒಬ್ಬರಿಗೇ, ಕಂಪ್ಯೂಟರ್ ಕ್ಲಾಸಿನಲ್ಲಿ ಪಾಠ ಹೇಳಿ ಸಂಜೆ ಬಂದು ಅಂಗಡಿಯ ಲೆಕ್ಕ ತುಂಬುತ್ತಿದ್ದ ಮಾಸ್ತರಿಗೆ. ಅವರು ಬರದ ದಿನ ಲೆಕ್ಕವೆಲ್ಲ ಕೆಂಪು ಬಟ್ಟೆಯ ಹಳೆ ವಹಿಯಲ್ಲಿ ನಡೆಯುತ್ತಿತ್ತು. ಅವರು ಬಂದ ದಿನವೂ ವಹಿಯಲ್ಲೇ ನಡೆಯುತ್ತಿತ್ತು, ಆಮೇಲೆ ಕಂಪ್ಯೂಟರಿಗೆ ಏರುತ್ತಿತ್ತು. ಒಂದೇ ಕೆಲಸವನ್ನು ಎರಡು ಸಲ ಮಾಡುವುದಕ್ಕೆ ದೊಡ್ಡಪ್ಪ ಸುಧಾರಣೆ ಎನ್ನುತ್ತಿದ್ದರು.

ನನಗೆ ಸುಧಾರಣೆ ಬೇಕಾಗಿರಲಿಲ್ಲ. ಕಾರು ಓಡಿಸುವ ಆಟ ಬೇಕಾಗಿತ್ತು. ಗೆಳತಿಯೊಬ್ಬಳ ಮನೆಯಲ್ಲಿ ಅದನ್ನೊಮ್ಮೆ ಆಡಿದ್ದೆ. ಯಾವುದೋ ದೇಶದ ಸಮುದ್ರದಂಡೆಯ ರಸ್ತೆ, ಕೆಂಪು ಕಾರು, ಎದುರಿಗೆ ಎಮ್ಮೆ ಇಲ್ಲ, ಟೆಂಪೋ ಇಲ್ಲ, ತಗ್ಗಿಲ್ಲ. ಹುಬ್ಬಳ್ಳಿ-ಧಾರವಾಡ ರಸ್ತೆಯಲ್ಲಿ ಬೆಳೆದವಳಿಗೆ ಅದು ಸ್ವರ್ಗದ ವರ್ಣನೆ. ಆ ಗೆಳತಿಯ ತಂದೆಗೆ ವರ್ಗವಾಗಿ ಸ್ವರ್ಗ ಬೆಳಗಾವಿಗೆ ಹೋಯಿತು. ನಮ್ಮ ಧಾರವಾಡದ ಕಾಲೇಜಿನ ಹತ್ತಿರ ಒಂದು ಗೇಮಿಂಗ್ ಸೆಂಟರ್ ಇತ್ತು. ಧೈರ್ಯ ಮಾಡಿ ಒಳಗೆ ಹೋದೆ. ಹುಡುಗರೆಲ್ಲ ಒಬ್ಬರನ್ನೊಬ್ಬರು ಗುಂಡಿಟ್ಟು ಕೊಲ್ಲುವುದನ್ನು ನಿಲ್ಲಿಸಿ ನನ್ನನ್ನು ನೋಡಿದರು. ಮಾಲೀಕ ಬಹಳ ಸಭ್ಯಸ್ಥ. ನಾನು ಬಾಯಿ ತೆರೆಯುವ ಮೊದಲೇ ಮೂಲೆಯ ಕುರ್ಚಿ ತೋರಿಸಿ, ರಿಜಲ್ಟ್ ನೋಡಲಿಕ್ಕೆ ಬಂದಿದ್ದರೆ ನಂಬರ್ ಹೇಳ್ರಿ ಎಂದ. ಆಗ ಯಾವ ಪರೀಕ್ಷೆಯ ರಿಜಲ್ಟೂ ಬರುವುದಿರಲಿಲ್ಲ. ಹೆಣ್ಣುಮಕ್ಕಳು ಕಂಪ್ಯೂಟರಿನ ಮುಂದೆ ಕೂಡುವುದು ಪಾಸೋ ಫೇಲೋ ತಿಳಿಯಲು ಮಾತ್ರ ಎಂದು ಅವನ ತಿಳುವಳಿಕೆ.

ಆ ಸಿಟ್ಟಿನಲ್ಲೇ ಮನೆಗೆ ಬಂದು, ನಾನೇ ಒಂದು ಕಂಪ್ಯೂಟರ್ ಜೋಡಿಸುತ್ತೇನೆ ಎಂದು ಘೋಷಿಸಿದೆ. ಆಗ ನನ್ನ ಜ್ಞಾನವೆಲ್ಲ ಹಳೆ ಪುಸ್ತಕದ ಅಂಗಡಿಯಲ್ಲಿ ಸಿಕ್ಕ ಕಂಪ್ಯೂಟರ್ ಪತ್ರಿಕೆಗಳದು. ಅದರಲ್ಲಿ ‘ಬಡವರ ಗೇಮಿಂಗ್ ಯಂತ್ರ’ ಎಂಬಂಥ ಒಂದು ಲೇಖನವಿತ್ತು. ಅದನ್ನು ಬರೆದವನು ಬಡವರನ್ನು ಕಣ್ಣಾರೆ ಕಂಡಂತಿರಲಿಲ್ಲ. ಅಪ್ಪನ ಸ್ಕೂಟರ್ ಮಾರಿದರೂ ಅವನು ಹೇಳಿದ ಗ್ರಾಫಿಕ್ಸ್ ಕಾರ್ಡಿನ ಪೆಟ್ಟಿಗೆಯಷ್ಟೇ ಬರುತ್ತಿತ್ತು. ಆದರೂ ಯಾವ ಭಾಗ ಎಲ್ಲಿ ಕೂಡುತ್ತದೆ ಎಂದು ಬಾಯಿಪಾಠ ಮಾಡಿದೆ.

ಅಪ್ಪ ಲಕಮನಹಳ್ಳಿಯ ಒಂದು ಕಾರ್ಖಾನೆಯಲ್ಲಿ ಸ್ಟೋರ್ ಕೀಪರ್. ಮಾತು ಕಡಿಮೆ. ಮನೆಯಲ್ಲಿ ಅವರು ಆಡುವ ಮಾತಿಗಿಂತ ಅವರ ಸ್ಕೂಟರ್ ಹೆಚ್ಚು ಮಾತಾಡುತ್ತಿತ್ತು. ಅಣ್ಣನ ಎದುರಿಗಂತೂ ಅಷ್ಟೂ ಇಲ್ಲ. ಹುಟ್ಟಿದಾಗಿನಿಂದ ಅವರು ಅಣ್ಣನಿಗೆ ಹೇಳಿದ್ದು ಒಂದೇ ಮಾತು, ‘ಹೂಂನ್ರಿ ಅಣ್ಣಾ’. ಅಂಥವರು ಆ ಭಾನುವಾರ ನಮ್ಮ ಮನೆಗೆ ಬಂದ ಅಣ್ಣನ ಮುಂದೆ ಜಗುಲಿಯ ಮೇಲೆ ಕುಳಿತು, ಮನೆಗೊಂದು ಕಂಪ್ಯೂಟರ್ ತರುತ್ತೇವೆ, ಅದನ್ನು ಇವಳೇ ಜೋಡಿಸುತ್ತಾಳೆ ಎಂದುಬಿಟ್ಟರು. ಅಡುಗೆಮನೆಯಲ್ಲಿ ಅವ್ವನ ಕೈಯಲ್ಲಿನ ರೊಟ್ಟಿ ಬಡಿಯುವ ಸದ್ದು ನಿಂತಿತು.

ದೊಡ್ಡಪ್ಪ ನಗಲಿಲ್ಲ. ನಕ್ಕಿದ್ದರೆ ಚೆನ್ನಾಗಿತ್ತು. ಬಹಳ ಕನಿಕರದಿಂದ ತಮ್ಮನನ್ನು ನೋಡಿ, ಆಮೇಲೆ ನನ್ನನ್ನು ನೋಡಿದರು.

“ಜೋಡ್ಸಲಿ. ಅಕಿ ಕೈಯಾಗ ನಡೀತಂದ್ರ ಮನ್ಯಾಗ ಇರ್ಲಿ. ನಡೀಲಿಲ್ಲಂದ್ರ ಅಂಗಡಿಗೆ ಕಳಸ್ರಿ, ನಮ್ಮ ಮಾಸ್ತರ ಸುದ್ದ ಮಾಡ್ಕೋತಾರ. ಸುಮ್ನ ಯಾಕ ಮೂಲ್ಯಾಗ ಬೀಳಬೇಕದು.”

“ಹೂಂನ್ರಿ ಅಣ್ಣಾ,” ಎಂದರು ಅಪ್ಪ.

ಹೀಗೆ ಇನ್ನೂ ಕೊಳ್ಳದ ಕಂಪ್ಯೂಟರಿಗೆ ವಾರಸುದಾರರು ಸಿದ್ಧರಾದರು. ನನಗೆ ಕಾರು ಓಡಿಸುವ ಆಟದ ಜೊತೆ ಇನ್ನೊಂದು ಚಿಂತೆ ಗಂಟುಬಿತ್ತು. ಇದು ನಡೆಯದಿದ್ದರೆ ಹೋಗುವುದು ಕಂಪ್ಯೂಟರ್ ಮಾತ್ರವಲ್ಲ, ಅಪ್ಪ ಅಣ್ಣನ ಮುಂದೆ ಜೀವನದಲ್ಲಿ ಮೊದಲ ಸಲ ಆಡಿದ ಎರಡನೆಯ ಮಾತೂ ಹೋಗುತ್ತಿತ್ತು.

ಸಾಮಾನು ಕೊಂಡದ್ದು ಹುಬ್ಬಳ್ಳಿಯ ಕೊಪ್ಪಿಕರ ರಸ್ತೆಯ ಒಳಓಣಿಯ ಅಂಗಡಿಯಲ್ಲಿ. ಆ ಅಂಗಡಿಯಲ್ಲಿ ಹೊಸದು, ಹಳೆಯದು ಎಂಬ ಭೇದವಿರಲಿಲ್ಲ. ಎಲ್ಲದರ ಮೇಲೂ ಒಂದೇ ಧೂಳು. ಕಂಪ್ಯೂಟರಿನ ಮಿದುಳೆನ್ನುವ ಪ್ರೊಸೆಸರ್ ಹಳೆಯದು, ಗ್ರಾಫಿಕ್ಸ್ ಕಾರ್ಡ್ ಅದಕ್ಕಿಂತ ಹಳೆಯದು, ಮಾನಿಟರ್ ಯಾವುದೋ ಆಫೀಸಿನಲ್ಲಿ ನಿವೃತ್ತಿಯಾದದ್ದು. ಇವನ್ನೆಲ್ಲ ಕೂಡಿಸುವ ಡಬ್ಬಿ, ಕ್ಯಾಬಿನೆಟ್ ಮಾತ್ರ ಹೊಚ್ಚಹೊಸದು, ಮುಂದೆ ನೀಲಿ ದೀಪ ಬೇರೆ. ಮದುವೆಯಲ್ಲಿ ವರನ ಗುಣಕ್ಕಿಂತ ಪೇಟಕ್ಕೆ ಹೆಚ್ಚು ಖರ್ಚು ಮಾಡುವ ಜನ ನಾವು.

ಅಂಗಡಿಯವರು ಒಂದು ಕೈಯಲ್ಲಿ ಫೋನು, ಇನ್ನೊಂದು ಕೈಯಲ್ಲಿ ಸ್ಕ್ರೂಡ್ರೈವರ್ ಹಿಡಿದು, ಮೂರು ಗಿರಾಕಿಗಳಿಗೆ ಒಟ್ಟಿಗೆ ಉತ್ತರ ಕೊಡುತ್ತಿದ್ದರು. ಜೋಡಿಸಿಯೇ ಕೊಡಲೇ ಎಂದು ಕೇಳಿದರು. ನಾನು ಬೇಡವೆಂದೆ, ತುಸು ಗತ್ತಿನಿಂದಲೇ. ಅವರು ಒಮ್ಮೆ ಅಪ್ಪನ ಮುಖ ನೋಡಿ, ಸಾಮಾನನ್ನೆಲ್ಲ ಚೀಲಕ್ಕೆ ತುಂಬುತ್ತ ಫೋನಿಗೆ ಕೈ ಅಡ್ಡ ಹಿಡಿದು ಹೇಳಿದರು:

“ಪ್ರೊಸೆಸರ್ ಕೂಡಿಸಿದ ಮ್ಯಾಲ ವಿಭೂತಿ ಹಚ್ರಿ, ಆಮ್ಯಾಲ ಫ್ಯಾನ್ ಕೂಡಸ್ರಿ. ವಿಭೂತಿ ಹಚ್ಚದ ಚಾಲೂ ಮಾಡಬ್ಯಾಡ್ರಿ ಮತ್ತ, ಸುಟ್ಟ ಹೊಕ್ಕೈತಿ.”

ನನಗಾಗಲಿ ಅಪ್ಪನಿಗಾಗಲಿ ಇದರಲ್ಲಿ ಕೇಳುವಂಥದ್ದೇನೂ ಕಾಣಲಿಲ್ಲ. ನಮ್ಮ ಮನೆಯಲ್ಲಿ ವಿಭೂತಿ ಹಚ್ಚದೆ ಚಾಲೂ ಆದ ಯಂತ್ರವೇ ಇಲ್ಲ. ಸ್ಕೂಟರ್, ಮಿಕ್ಸರ್, ಫ್ರಿಜ್ಜು, ಅವ್ವನ ಹೊಲಿಗೆ ಯಂತ್ರ, ಎಲ್ಲವೂ ಹಣೆಗೆ ಮೂರು ಗೆರೆ ಎಳೆಸಿಕೊಂಡೇ ಸಂಸಾರಕ್ಕೆ ಇಳಿದವು. ಪತ್ರಿಕೆಗಳು ಇದನ್ನು ಬರೆದಿರಲಿಲ್ಲ, ಖರೆ. ಅವು ಮುಂಬಯಿಯವರು ಬರೆದ ಪತ್ರಿಕೆಗಳು. ಅವರಿಗೇನು ಗೊತ್ತು ಆಚಾರ ಎಂದುಕೊಂಡೆ. ಕೊಪ್ಪಿಕರ ರಸ್ತೆಯ ವಿಜ್ಞಾನ ನಮ್ಮ ಸಂಸ್ಕೃತಿಯನ್ನು ಬಿಟ್ಟಿಲ್ಲವಲ್ಲ ಎಂದು ಹೆಮ್ಮೆಯೂ ಆಯಿತು.

ಧಾರವಾಡಕ್ಕೆ ಮರಳುವ ಬಸ್ಸಿನಲ್ಲಿ ಕ್ಯಾಬಿನೆಟ್ ನನ್ನ ತೊಡೆಯ ಮೇಲೆ, ಮಾನಿಟರ್ ಅಪ್ಪನ ತೊಡೆಯ ಮೇಲೆ. ಕಂಡಕ್ಟರ್ ಅವೆರಡಕ್ಕೂ ಲಗೇಜ್ ಟಿಕೀಟು ಹರಿದ. ತೊಡೆಯ ಮೇಲೆ ಕೂತದ್ದು ಲಗೇಜು ಹೇಗಾಗುತ್ತದೆ ಎಂಬ ನನ್ನ ವಾದ ನವನಗರದವರೆಗೆ ನಡೆದು ಸೋತಿತು. ಪಕ್ಕದಲ್ಲಿ ಕುಳಿತ ಹೆಣ್ಣುಮಗಳು ಕ್ಯಾಬಿನೆಟ್ ತಟ್ಟಿ ನೋಡಿ, ಗಿರಣಿಯೇನು ಎಂದು ಕೇಳಿದಳು. ಆಟದ ಯಂತ್ರ ಎಂದರೆ ಮಾತು ಬೆಳೆಯುತ್ತದೆಂದು ಹೌದೆಂದೆ. ರಾಯಾಪುರ ಬರುವವರೆಗೂ ಖಾರಪುಡಿ ಕುಟ್ಟಿಸುವುದಕ್ಕೆ ಈಗ ಏನು ತೆಗೆದುಕೊಳ್ಳುತ್ತಾರೆ ಎಂದು ಹೇಳುತ್ತ ಬಂದಳು.

ಮಧ್ಯಾಹ್ನ ನಡುಮನೆಯಲ್ಲಿ ಚಾಪೆ ಹಾಸಿ ಕೆಲಸ ಶುರುಮಾಡಿದೆ. ಮೈಯಲ್ಲಿ ವಿದ್ಯುತ್ತು ಕೂಡಿಕೊಂಡಿದ್ದರೆ ಭಾಗಗಳು ಕೆಡುತ್ತವೆ, ಆಗಾಗ ಲೋಹ ಮುಟ್ಟಬೇಕು ಎಂದು ಪತ್ರಿಕೆಯಲ್ಲಿತ್ತು. ಅದಕ್ಕೆಂದು ಪಕ್ಕದಲ್ಲಿ ಒಂದು ತಾಮ್ರದ ತಂಬಿಗೆ ಇಟ್ಟುಕೊಂಡು, ಒಂದೊಂದು ಸ್ಕ್ರೂ ಬಿಗಿಯುವ ಮೊದಲೂ ಅದನ್ನು ಮುಟ್ಟುತ್ತಿದ್ದೆ. ಅಜ್ಜಿ ಬಾಗಿಲ ಪಕ್ಕ ಕುಳಿತು ಇದನ್ನು ಭಕ್ತಿಯಿಂದ ನೋಡುತ್ತಿದ್ದಳು. ಮೊಮ್ಮಗಳಿಗೆ ಕಡೆಗೂ ಬುದ್ಧಿ ಬಂತು, ಕಳಶ ಇಟ್ಟುಕೊಂಡು ಕೆಲಸ ಮಾಡುತ್ತಿದ್ದಾಳೆ ಎಂದು ಓಣಿಯಲ್ಲೆಲ್ಲ ಹೇಳಿದಳೆಂದು ಆಮೇಲೆ ತಿಳಿಯಿತು.

ಪ್ರೊಸೆಸರ್ ಕೂಡಿಸಿ, ಅಜ್ಜಿಯನ್ನು ವಿಭೂತಿ ಕೇಳಿದೆ. ಅವಳು ಎದ್ದು ಹೋಗಿ ಕೈಕಾಲು ತೊಳೆದು, ದೇವರ ಜಗುಲಿಯಿಂದ ಹೊಸ ಗಟ್ಟಿಯನ್ನೇ ತಂದಳು. ನೀರು ಚಿಮುಕಿಸಿ ಅಂಗೈಯಲ್ಲಿ ತಿಕ್ಕಿ ಕೊಟ್ಟಳು. ಮೂರು ಬೆರಳು ಹಿಡಿಯುವಷ್ಟು ಹಣೆ ಪ್ರೊಸೆಸರಿಗೆ ಇರಲಿಲ್ಲ. ಕಡ್ಡಿಪೆಟ್ಟಿಗೆಯ ಕಡ್ಡಿಯಿಂದ ಮೂರು ಗೆರೆ ಎಳೆದೆ. ಅಜ್ಜಿ ಬಗ್ಗಿ ನೋಡಿ ಗೆರೆ ದಪ್ಪಗಿರಲಿ ಎಂದಳು, ದಪ್ಪ ಮಾಡಿದೆ. ಒಣಗಲಿ ಎಂದು ಅಜ್ಜಿ ಸೆರಗಿನಿಂದ ಗಾಳಿ ಹಾಕಿದಳು. ಆಮೇಲೆ ಅದರ ಮೇಲೆ ಲೋಹದ ಹಲ್ಲುಗಳಿದ್ದ ಆ ಫ್ಯಾನನ್ನು ಒತ್ತಿ ಕೊಂಡಿ ಹಾಕಿದೆ. ಸಾಮಾನಿನ ಜೊತೆ ಬಿಳಿ ಮುಲಾಮಿನ ಚಿಕ್ಕ ಪೊಟ್ಟಣವೊಂದು ಬಂದಿತ್ತು. ಹೊಸ ಚಪ್ಪಲಿಯ ಡಬ್ಬಿಯಲ್ಲಿ ‘ತಿನ್ನಬಾರದು’ ಎಂದು ಬರೆದ ಪುಡಿ ಇರುತ್ತದಲ್ಲ, ಅದರ ಜಾತಿಯದೇ ಇರಬೇಕೆಂದು ತಿನ್ನದೆ ತೆಗೆದಿಟ್ಟೆ.

ಸ್ವಿಚ್ ಹಾಕಿದಾಗ ನೀಲಿ ದೀಪ ಹತ್ತಿತು, ಫ್ಯಾನ್ ತಿರುಗಿತು, ಪರದೆಯ ಮೇಲೆ ಬಿಳಿ ಅಕ್ಷರ ಬಂದವು. ನನಗೆ ಅಳು ಬಂತು. ಇದನ್ನು ಬೇರೆ ರೀತಿ ಹೇಳಲು ಬರುವುದಿಲ್ಲ, ಅತ್ತೆ. ಅವ್ವ ಹೊಲಿಗೆ ಯಂತ್ರವನ್ನು ಪಕ್ಕಕ್ಕೆ ಸರಿಸಿ ಅದರ ಮೇಜನ್ನು ಕಂಪ್ಯೂಟರಿಗೆ ಬಿಟ್ಟುಕೊಟ್ಟಳು. ಅದು ನಮ್ಮ ಮನೆಯಲ್ಲಿ ಅವಳ ಸ್ವಂತದ್ದೆಂದು ಇದ್ದ ಒಂದೇ ಜಾಗ.

ಭಾನುವಾರ ದೊಡ್ಡಪ್ಪ ಪರೀಕ್ಷೆಗೆ ಬಂದರು, ಜೊತೆಗೆ ಮಾಸ್ತರನ್ನೂ ಕರೆತಂದರು. ಅವಲಕ್ಕಿ, ಚಹಾ ಆಯಿತು. ಆಟವನ್ನು ಹಿಂದಿನ ರಾತ್ರಿಯಷ್ಟೇ ಸಿಡಿಯಿಂದ ತುಂಬಿದ್ದೆ, ಇನ್ನೂ ಆಡಿ ನೋಡಿರಲಿಲ್ಲ. ನಾನು ಆಟ ಹಚ್ಚಿದೆ. ಕೆಂಪು ಕಾರು ಸಮುದ್ರದಂಡೆಗೆ ಬಂತು, ಒಂದು ತಿರುವು ದಾಟಿತು, ಎರಡನೆಯ ತಿರುವಿನಲ್ಲಿ ಪರದೆ ಕಪ್ಪಾಯಿತು. ಕರೆಂಟ್ ಹೋಯಿತೆಂದು ಎಲ್ಲರೂ ಅಭ್ಯಾಸಬಲದಿಂದ ಮೇಲೆ ನೋಡಿದರು. ಮೇಲೆ ಫ್ಯಾನ್ ತಿರುಗುತ್ತಿತ್ತು. ಮತ್ತೆ ಹಚ್ಚಿದೆ; ಈ ಸಲ ಮೊದಲ ತಿರುವೂ ದಾಟಲಿಲ್ಲ.

ಆಮೇಲೆ ಪಂಡಿತರ ಸಭೆ ಕೂಡಿತು. ಮಾಸ್ತರು ಚಪ್ಪಲಿ ಬಿಟ್ಟಿದ್ದೇವೋ ಇಲ್ಲವೋ ಎಂದು ಎಲ್ಲರ ಕಾಲನ್ನೂ ಪರೀಕ್ಷಿಸಿ, ವೈರಸ್ ಎಂದರು. ಕಂಪ್ಯೂಟರಿಗೆ ವೈರಸ್ ಎಲ್ಲಿಂದ ಬರುತ್ತದೆ ಎಂದು ದೊಡ್ಡಪ್ಪ ಕೇಳಿದ್ದಕ್ಕೆ, ಆಟದಿಂದ, ಅದರಲ್ಲೂ ಕಾರಿನ ಆಟದಿಂದ ಎಂದರು. ದೊಡ್ಡಪ್ಪ ಅದನ್ನು ಕಿಟಕಿಯಿಂದ ಬರುವ ಗಾಳಿಯ ರೋಗವೆಂದು ತಿಳಿದು ಕಿಟಕಿ ಮುಚ್ಚಿಸಿದರು. ಅಜ್ಜಿಗೆ ಸಂಶಯವೇ ಇರಲಿಲ್ಲ, ದೃಷ್ಟಿ. ನೀಲಿ ದೀಪದ ಕೆಳಗೆ ನಿಂಬೆಹಣ್ಣು, ಮೆಣಸಿನಕಾಯಿ ನೇತಾಡತೊಡಗಿದವು. ಅಪ್ಪ ಅವಲಕ್ಕಿಯ ತಾಟು ಎತ್ತಿಕೊಂಡು ಒಳಗೆ ಹೋದರು. ನಮ್ಮ ಅಪ್ಪ ತಾಟು ಎತ್ತಿದ್ದನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ.

ಬರುವ ಭಾನುವಾರ ಮಾರುಕಟ್ಟೆಯಿಂದ ಟೆಂಪೋ ತರುತ್ತೇನೆ ಎಂದು ದೊಡ್ಡಪ್ಪ ಹೊರಟರು. ಹೋಗುವಾಗ ನನ್ನ ತಲೆ ಸವರಿ, ಬೇಜಾರಾಗಬೇಡ, ಹೆಣ್ಣುಮಕ್ಕಳ ಕೈಗೆ ಇದು ಒಗ್ಗುವುದಲ್ಲ ಎಂದರು. ಆ ಕೈ ತಲೆಯ ಮೇಲಿದ್ದಷ್ಟು ಹೊತ್ತು ನನಗೆ ಅದನ್ನು ಕಚ್ಚಬೇಕೆನಿಸುತ್ತಿತ್ತು.

ಆ ವಾರ ಪೂರ್ತಿ ಬಿಚ್ಚಿದೆ, ಜೋಡಿಸಿದೆ. ವೈರಸ್ ಇದ್ದರೆ ಹೋಗಲೆಂದು ಎಲ್ಲವನ್ನೂ ಅಳಿಸಿ ಮತ್ತೆ ತುಂಬಿದೆ. ನಿಂಬೆಹಣ್ಣನ್ನೂ ಬದಲಿಸಿದೆ, ಯಾವ ಹುತ್ತದಲ್ಲಿ ಯಾವ ಹಾವೋ. ಒಂದು ಬೆಳಿಗ್ಗೆ ಕ್ಯಾಬಿನೆಟ್ಟಿನ ಬದಿಯ ಬಾಗಿಲು ತೆಗೆದಿಟ್ಟೇ ಆಟ ಹಚ್ಚಿ, ಕಂಪ್ಯೂಟರ್ ಕಣ್ಣು ಮುಚ್ಚುತ್ತಿದ್ದಂತೆ ಒಳಗೆ ಕೈ ಹಾಕಿದೆ. ಫ್ಯಾನಿನ ಲೋಹ ತಣ್ಣಗಿತ್ತು. ಬೆರಳು ಬದಿಗೆ ಜಾರಿ ಪ್ರೊಸೆಸರಿನ ಅಂಚಿಗೆ ತಾಗಿತು. ಕೈ ಜಾಡಿಸಿ ಹೌಹಾರಿದೆ, ಬೆರಳ ತುದಿ ಕೆಂಪಾಗಿತ್ತು.

ಅವ್ವ ಅಡುಗೆಮನೆಯಲ್ಲಿ ರೊಟ್ಟಿ ಮಾಡುತ್ತಿದ್ದಳು. ಕೆಳಗೆ ಒಲೆ ಉರಿಯುತ್ತಿದೆ, ಮೇಲೆ ಹಂಚು ತಣ್ಣಗಿದೆ ಎಂದರೆ ನಡುವೆ ಏನೋ ಅಡ್ಡ ಬಂದಿದೆ. ನಡುವೆ ಇದ್ದದ್ದು ಒಂದೇ. ಅಜ್ಜಿಯ ತವರಿನಲ್ಲಿ ಬೆಳಗಿನ ಒಲೆಗೆ ಬೆಂಕಿ ಉಳಿಯಲೆಂದು ರಾತ್ರಿ ಕೆಂಡದ ಮೇಲೆ ಏನು ಮುಚ್ಚುತ್ತಿದ್ದರೆಂದು ಅವಳು ಹತ್ತಾರು ಸಲ ಹೇಳಿದ್ದಳು. ಬೂದಿ ಮುಚ್ಚಿದ ಕೆಂಡ ಎಂಬ ಮಾತನ್ನು ಶಾಲೆಯಲ್ಲಿ ವಾಕ್ಯದಲ್ಲಿ ಬಳಸಿ ಮಾರ್ಕು ತೆಗೆದುಕೊಂಡಿದ್ದೆ. ಈಗ ಯಂತ್ರದಲ್ಲೂ ಬಳಸಿದ್ದೆ.

ಓಡಿಹೋಗಿ ಮೂಲೆಯ ಕಾಯಿನ್ ಬಾಕ್ಸಿನಿಂದ ಅಂಗಡಿಗೆ ಫೋನ್ ಮಾಡಿದೆ. ವಿಭೂತಿ ಎಂದರೆ ಯಾವ ವಿಭೂತಿ ಎಂದು ಕೇಳಿದೆ. ಅವರಿಗೆ ನನ್ನ ಪ್ರಶ್ನೆ ತಿಳಿಯಲಿಲ್ಲ. ಬಿಳಿ ಪೇಸ್ಟು, ಪೊಟ್ಟಣದಲ್ಲಿ ಕೊಟ್ಟಿದ್ದೆನಲ್ಲ, ನಾವು ಅಂಗಡಿಯಲ್ಲಿ ಅದಕ್ಕೆ ವಿಭೂತಿ ಎನ್ನುತ್ತೇವೆ ಎಂದರು. ಪ್ರೊಸೆಸರಿನ ಬಿಸಿಯನ್ನು ಮೇಲಿನ ಲೋಹಕ್ಕೆ ದಾಟಿಸುವುದು ಅದೇ ಅಂತೆ. ಬೇರೆ ಏನಾದರೂ ಹಚ್ಚಿದರೆ ಏನಾಗುತ್ತದೆ ಎಂದು ಕೇಳಿದೆ. ಅಷ್ಟರಿಂದಲೇ ಅವರಿಗೆ ಎಲ್ಲ ಅರ್ಥವಾಗಿರಬೇಕು. ನೀವು ಏನು ಹಚ್ಚಿದಿರಿ ಎಂದು ಕೇಳಿ, ಉತ್ತರ ಬರುವ ಮೊದಲೇ ಆ ಕಡೆ ನಗೆ ಶುರುವಾಯಿತು. ಅವರೊಬ್ಬರದೇ ಅಲ್ಲ, ಅಂಗಡಿಯಲ್ಲಿದ್ದ ಗಿರಾಕಿಗಳದೂ. ನಗುತ್ತಿದ್ದಂತೆ ನನ್ನ ನಾಣ್ಯದ ಮಾತು ಮುಗಿಯಿತು.

ಪೊಟ್ಟಣ ಸಿಕ್ಕಿದ್ದು ಅಜ್ಜಿಯ ದಿಂಬಿನ ಕೆಳಗೆ. ಮಂಡಿನೋವಿನ ಮುಲಾಮಿರಬಹುದೆಂದು ಎತ್ತಿಟ್ಟುಕೊಂಡಿದ್ದಳು. ಪುಣ್ಯಕ್ಕೆ ಇನ್ನೂ ಕತ್ತರಿಸಿರಲಿಲ್ಲ. ಪ್ರೊಸೆಸರಿನ ಮೇಲಿನ ವಿಭೂತಿ ತೆಗೆಯಬೇಕಾಗಿದೆ ಎಂದಾಗ ಅವಳ ಮುಖ ಸಣ್ಣದಾಯಿತು. ದೇವರದ್ದರಿಂದ ಕೆಟ್ಟಿತೇ ಎಂದು ಕೇಳಿದಳು. ಇಲ್ಲ, ದೇವರನ್ನು ತಪ್ಪು ಖಾತೆಗೆ ವರ್ಗ ಮಾಡಿದ್ದೆವು ಎಂದೆ. ತುಳಿಯುವ ಕಡೆ ಚೆಲ್ಲಬೇಡ, ಮಲ್ಲಿಗೆ ಬಳ್ಳಿಯ ಬುಡಕ್ಕೆ ಹಾಕು ಎಂದಳು. ಹಾಗೇ ಮಾಡಿ, ಪ್ರೊಸೆಸರಿಗೆ ಆ ಬಿಳಿ ಪೇಸ್ಟು ಹಚ್ಚಿ ಮತ್ತೆ ಫ್ಯಾನ್ ಕೂಡಿಸಿದೆ. ಆ ದಿನ ಮಧ್ಯಾಹ್ನವಿಡೀ ಕೆಂಪು ಕಾರು ಸಮುದ್ರದಂಡೆ ಸುತ್ತಿತು, ಪರದೆ ಒಮ್ಮೆಯೂ ಕಪ್ಪಾಗಲಿಲ್ಲ. ಸಂಜೆ ಅಪ್ಪ ಬಂದಾಗ ತೋರಿಸಿದೆ. ಹಿಂದೆ ನಿಂತು ನೋಡಿದರು, ಸ್ಕೂಟರಿನ ಕೀಲಿ ಕೈಯಲ್ಲೇ ಹಿಡಿದು, ಬಹಳ ಹೊತ್ತು.

ಭಾನುವಾರ ಬಾಗಿಲಿಗೆ ಟೆಂಪೋ ಬಂತು. ದೊಡ್ಡಪ್ಪ ಹಗ್ಗವನ್ನೂ ತಂದಿದ್ದರು, ಮೆತ್ತಗೆ ಒಯ್ಯಲು ಹತ್ತಿಯ ಮೂಟೆಗೆ ಸುತ್ತುವ ಗೋಣಿತಟ್ಟನ್ನೂ. ಮಾಸ್ತರು ಬರಿಗಾಲಿನಲ್ಲಿ ಸಿದ್ಧರಾಗಿ ನಿಂತಿದ್ದರು. ನಾನು ಆಟ ಹಚ್ಚಿದೆ. ಕಾರು ಒಂದು ತಿರುವು ದಾಟಿತು, ಎರಡು ದಾಟಿತು, ಊರು ದಾಟಿತು, ಸೇತುವೆ ದಾಟಿತು. ದೊಡ್ಡಪ್ಪ ಕುರ್ಚಿ ಎಳೆದುಕೊಂಡರು. ಕಾರು ಎಡಕ್ಕೆ ಹೊರಳಿದರೆ ಅವರೂ ಎಡಕ್ಕೆ, ಬಲಕ್ಕೆ ಹೊರಳಿದರೆ ಬಲಕ್ಕೆ. ಚಹಾ ಆರಿತು. ಮಾಸ್ತರು ವೈರಸ್ ತಾನಾಗಿಯೇ ಹೋಗಿರಬೇಕು, ಕಿಟಕಿ ಮುಚ್ಚಿಸಿದ್ದು ಒಳ್ಳೆಯದಾಯಿತು ಎಂದರು. ನಾನು ಗೆದ್ದೆ ಎಂದುಕೊಂಡೆ. ದೊಡ್ಡಪ್ಪನ ಪರಿಚಯ ನನಗಿನ್ನೂ ಪೂರ್ತಿ ಆಗಿರಲಿಲ್ಲ.

“ಛಲೋ ನಡೀತೈತಿ ಬಿಡು. ನಮ್ಮ ಅಂಗಡಿದಕ್ಕಿಂತ ಜೋರೈತಿ,” ಎಂದರು. ಆಮೇಲೆ ಅಪ್ಪನ ಕಡೆ ತಿರುಗಿ, “ಹಂಗಾರ ಇದು ಆಟಕ್ಕ ಇಡೂದಲ್ಲೋ ತಮ್ಮಾ. ಅಂಗಡಿಗೇ ಬೇಕಿದು. ಟೆಂಪೋ ಹೆಂಗೂ ಬಂದೈತಿ.”

ನಡೆಯದಿದ್ದರೆ ನಡೆಯುವುದಿಲ್ಲವೆಂದು ಒಯ್ಯುವುದು, ನಡೆದರೆ ನಡೆಯುತ್ತದೆಂದು ಒಯ್ಯುವುದು. ದಲಾಲಿಯವರ ತಕ್ಕಡಿ, ಕಾಳು ಯಾವ ಕಡೆ ಸುರಿದರೂ ಮುಳ್ಳು ಅವರ ಕಡೆಗೇ ವಾಲುತ್ತದೆ. ನಾನು ಅಪ್ಪನನ್ನು ನೋಡಿದೆ. ಅವರು ಏನು ಹೇಳುತ್ತಾರೆಂದು ನನಗೆ ಗೊತ್ತಿತ್ತು.

“ಹೂಂನ್ರಿ ಅಣ್ಣಾ,” ಎಂದರು ಅಪ್ಪ.

ಅಡುಗೆಮನೆಯ ಬಾಗಿಲಲ್ಲಿ ಅವ್ವ ಸೆರಗಿನಿಂದ ಕೈ ಒರೆಸಿಕೊಳ್ಳುತ್ತ ನಿಂತಿದ್ದಳು. ಅಪ್ಪನ ಮೇಲೆ ಅಷ್ಟು ಸಿಟ್ಟು ನನಗೆ ಮೊದಲೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ. ಅವರು ನನ್ನ ಹತ್ತಿರ ಬಂದು, ಕಾರ್ಖಾನೆಯಲ್ಲಿ ಸಾಮಾನು ಕೇಳಿ ಬಂದವರ ಹತ್ತಿರ ಮಾತಾಡುವ ದನಿಯಲ್ಲಿ ಕೇಳಿದರು:

“ಇದನ್ನ ಪೂರ್ತಿ ಬಿಚ್ಚಿದ್ರ ಮತ್ತ ಜೋಡಸಾಕ ಬರ್ತೈತೇನು ನಿನಗ?”

ಬರುತ್ತದೆ ಎಂದೆ.

“ಹಂಗಾರ ಬಿಚ್ಚು.”

ಬಿಚ್ಚಿದೆ. ಮೊದಲು ತಂತಿಗಳು, ಆಮೇಲೆ ಗ್ರಾಫಿಕ್ಸ್ ಕಾರ್ಡ್, ಫ್ಯಾನ್, ಪ್ರೊಸೆಸರ್, ಕಡೆಗೆ ಮದರ್‌ಬೋರ್ಡು. ಸ್ಕ್ರೂಗಳನ್ನು ಅಪ್ಪ ಅಂಗೈಯಲ್ಲಿ ಹಿಡಿದು ಒಂದೊಂದಾಗಿ ಚಾಪೆಯ ಮೇಲೆ ಇಟ್ಟರು. ಕ್ಯಾಬಿನೆಟ್ ಬರಿದಾಗಿ ತಗಡಿನ ಡಬ್ಬಿಯಾಯಿತು. ಅಪ್ಪ ಎದ್ದು, ಧೋತರ ಕೊಡವಿ, ಕೈ ಮುಗಿಯುವಷ್ಟು ಬಾಗಿ ಹೇಳಿದರು:

“ತೊಗೊಂಡ ಹೋಗ್ರಿ ಅಣ್ಣಾ. ಮಾಸ್ತರ ಜೋಡಸ್ತಾರ.”

ದೊಡ್ಡಪ್ಪ ಮಾಸ್ತರನ್ನು ನೋಡಿದರು. ಮಾಸ್ತರು ತಮ್ಮ ಬರಿಗಾಲನ್ನು ನೋಡಿಕೊಂಡರು. ಅವರ ಕ್ಲಾಸಿನಲ್ಲಿ ಕಂಪ್ಯೂಟರಿನ ಡಬ್ಬಿ ತೆಗೆಯುವ ಪಾಠವೇ ಇರಲಿಲ್ಲವೆಂದು ಆಗ ತಿಳಿಯಿತು. ದೊಡ್ಡಪ್ಪ ಚಾಪೆಯ ಮೇಲೆ ಹರಡಿದ್ದನ್ನು ಒಮ್ಮೆ, ತಮ್ಮನನ್ನು ಒಮ್ಮೆ ನೋಡಿದರು. ಐವತ್ತು ವರ್ಷ ಹತ್ತಿಯ ಗುಣ ಕೈಯಿಂದಲೇ ಹೇಳಿದ ಮನುಷ್ಯ. ತಮ್ಮನ ಗುಣ ಮಾತ್ರ ಅಂದೇ ಕೈಗೆ ಸಿಕ್ಕಿರಬೇಕು. ಆರಿದ ಚಹಾ ಎತ್ತಿ ಒಂದೇ ಗುಟುಕಿಗೆ ಕುಡಿದರು. ಇರಲಿ, ಮನೆಯಲ್ಲೇ ಇರಲಿ ಎಂದು ಗೋಣಿತಟ್ಟು ತೆಗೆದುಕೊಂಡು ಹೊರಟರು. ಅಪ್ಪ ಟೆಂಪೋದವರೆಗೆ ಹೋಗಿ ಕಳಿಸಿ ಬಂದರು.

ಬಂದವರು ಬಾಗಿಲಲ್ಲೇ ಚಪ್ಪಲಿ ಬಿಟ್ಟು ನೇರವಾಗಿ ಚಾಪೆಯ ಅಂಚಿಗೆ ಬಂದು ಚಕ್ಕಳಮಕ್ಕಳ ಹಾಕಿ ಕುಳಿತರು. ಕೈಗೆ ಸಿಕ್ಕ ಮೊದಲ ಭಾಗವನ್ನು ಎತ್ತಿ ಬೆಳಕಿಗೆ ಹಿಡಿದು, “ಈಗ ಹೇಳು,” ಎಂದರು. “ಇದು ಏನು?”